ಮೇಲೆ ಥಳಕು, ಒಳಗೆ ಹುಳುಕು

ಕಳೆದ ವಾರ ತರುಣನೊಬ್ಬ ನಮ್ಮ ಕಚೇರಿಯ ಮೆಟ್ಟಿಲು ಹತ್ತಿ ಬಂದು, ಕರವಸ್ತ್ರದಲ್ಲಿ ಸುತ್ತಿ ತಂದಿದ್ದ ಹಿತ್ತಾಳೆಯ ಕೊಳವೆಯೊಂದನ್ನು ಮೇಜಿನ ಮೇಲಿಟ್ಟ. ಗಿರಣಿಯ ನೂಲಿನ ಖಾತೆಯಲ್ಲಿ ರಾತ್ರಿ ಪಾಳಿ ಮಾಡುವ ಹುಡುಗ. ಬಲಗಾಲನ್ನು ಎಳೆದು ನಡೆಯುತ್ತಿದ್ದ. ಆ ಕೊಳವೆ ಷರಾಯಿಯ ಜೇಬಿನಲ್ಲಿದ್ದಾಗಲೇ ಕಾದು ಕೆಂಡವಾಗಿ, ತೊಡೆಯ ಮೇಲೆ ಅಂಗೈಯಗಲ ಚರ್ಮ ಸುಟ್ಟಿತ್ತು. ಕಿತ್ತು ಚರಂಡಿಗೆ ಎಸೆದದ್ದರಿಂದ ಅಷ್ಟಕ್ಕೆ ಮುಗಿಯಿತು. ಸರ್ಕಾರಿ ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟಿಸಿಕೊಂಡು, ಆರು ದಿನದ ಕೂಲಿ ಕಳೆದುಕೊಂಡು ನಮ್ಮಲ್ಲಿಗೆ ಬಂದಿದ್ದ. ಗಾಯವನ್ನು ಕಂಡು ಆದ ನೋವಿಗಿಂತ ಅವನ ಮಾತು ಕೇಳಿ ನಮಗಾದ ನೋವು ಹೆಚ್ಚು. “ತಪ್ಪೆಲ್ಲ ನನ್ನದೇ ಮೇಷ್ಟ್ರೇ, ಬಳಸುವ ರೀತಿ ನನಗೆ ತಿಳಿದಿರಲಿಲ್ಲ” ಎಂದ. ಮಾರಿದವನು ಫೋನಿನಲ್ಲಿ ಅವನಿಗೆ ಆ ಪಾಠವನ್ನು ಬಾಯಿಪಾಠ ಮಾಡಿಸಿಬಿಟ್ಟಿದ್ದ.

ಈ ಪಾಠ ನಮ್ಮ ಕಾರ್ಮಿಕ ಬಂಧುಗಳಿಗೆ ಹೊಸದೇನಲ್ಲ. ಬೇಲಿಯಿಲ್ಲದ ಬೆಲ್ಟಿನಲ್ಲಿ ಸಿಕ್ಕಿ ಬೆರಳು ಹೋದಾಗ ಮಾಲೀಕನ ಗುಮಾಸ್ತ ರಿಜಿಸ್ಟರಿನಲ್ಲಿ ಬರೆಯುವುದೂ ಇದನ್ನೇ: “ಕೆಲಸಗಾರನ ಅಜಾಗರೂಕತೆ.” ಆದಕಾರಣ ಈ ವಾರದ ಸಂಪಾದಕೀಯವನ್ನು ನಾವು ಆ ಹಿತ್ತಾಳೆಯ ಕೊಳವೆಗೆ ಮೀಸಲಿಟ್ಟಿದ್ದೇವೆ. ಶೋಕಿಯ ವಸ್ತುವಿನ ಗೊಡವೆ ದುಡಿಯುವವರ ಪತ್ರಿಕೆಗೇಕೆ ಎಂದು ಕೆಲವರು ಕೇಳಿಯಾರು. ಶೋಕಿ ಸಿರಿವಂತರ ಮಹಡಿಯಲ್ಲೇ ಉಳಿದಿದ್ದರೆ ನಾವು ಸುಮ್ಮನಿರುತ್ತಿದ್ದೆವು. ಈ ಹುಡುಗ ಅದಕ್ಕೆ ಕೊಟ್ಟದ್ದು 14,000 ರೂಪಾಯಿ. ಅದು ಅವನ ತಾಯಿ ಅಕ್ಕಪಕ್ಕದ ಹೆಂಗಸರೊಡನೆ ಕಟ್ಟಿ ಎತ್ತಿದ ಚೀಟಿಯ ಹಣ. ಶೋಕಿಯು ಕಾರ್ಮಿಕರ ಕೇರಿಗೆ ಇಳಿದು ಬಂದಿದೆ ಎಂದಮೇಲೆ ಅದರ ಲೆಕ್ಕ ಕೇಳುವುದು ನಮ್ಮ ಕರ್ತವ್ಯ.

ಮೊದಲು ವಸ್ತುವೇನೆಂಬುದನ್ನು ತಿಳಿಯೋಣ. ಹುಡುಗರು ‘ವೇಪ್’ ಎನ್ನುವ ವಿದ್ಯುತ್ ಸಿಗರೇಟನ್ನು ನಮ್ಮ ಓದುಗರಲ್ಲಿ ಅನೇಕರು ಕಂಡಿರಬಹುದು. ಬ್ಯಾಟರಿಯ ಶಕ್ತಿಯಿಂದ ಒಂದು ಸಣ್ಣ ತಂತಿಯ ಸುರುಳಿ ಕಾಯುತ್ತದೆ. ಅದರೊಳಗಿನ ಹತ್ತಿ ಹೀರಿಕೊಂಡಿರುವ ದ್ರವವು ಆವಿಯಾಗುತ್ತದೆ. ಆ ಆವಿಯನ್ನು ಸೇದುತ್ತಾರೆ. ದ್ರವದಲ್ಲಿರುವುದು ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಪರಿಮಳ, ಮತ್ತು ಬಹುಮಟ್ಟಿಗೆ ನಿಕೋಟಿನ್. 1963ರಲ್ಲೇ ಅಮೆರಿಕದ ಹರ್ಬರ್ಟ್ ಗಿಲ್ಬರ್ಟ್ ಎಂಬಾತ ಹೊಗೆಸೊಪ್ಪಿಲ್ಲದ ಸಿಗರೇಟಿಗೆ ಪೇಟೆಂಟ್ ಕೋರಿದ್ದ. ಇಂದಿನ ಮಾದರಿಯನ್ನು 2003ರ ಸುಮಾರಿಗೆ ರೂಪಿಸಿದವನು ಚೀನದ ಔಷಧ ತಜ್ಞ ಹಾನ್ ಲಿಕ್.

ಸಾಮಾನ್ಯ ವೇಪಿನೊಳಗೆ ಒಂದು ಸಣ್ಣ ಎಲೆಕ್ಟ್ರಾನಿಕ್ ಫಲಕವಿರುತ್ತದೆ. ವಿದ್ಯುತ್ತು ಅಡ್ಡದಾರಿ ಹಿಡಿದರೆ ಅದು ಕಡಿದು ಹಾಕುತ್ತದೆ. ಬ್ಯಾಟರಿ ಬರಿದಾದರೆ ನಿಲ್ಲಿಸುತ್ತದೆ. ಬೆರಳು ಗುಂಡಿಯ ಮೇಲೇ ಉಳಿದರೆ ಕೆಲವು ಸೆಕೆಂಡುಗಳಲ್ಲಿ ಆರಿಸುತ್ತದೆ. ಅದು ವಸ್ತುವಿನ ಕಾವಲುಗಾರ. ‘ಮೆಕ್ಯಾನಿಕಲ್ ಮಾಡ್’ ಎಂಬ ಹೆಸರಿನ ಈ ಜಾತಿಯ ಕೊಳವೆಯಲ್ಲಿ ಆ ಕಾವಲುಗಾರನೇ ಇಲ್ಲ. ಒಂದು ಲೋಹದ ಕೊಳವೆ, ಒಳಗೊಂದು ಲಿಥಿಯಂ ಸೆಲ್ಲು, ತಳದಲ್ಲೊಂದು ಗುಂಡಿ, ತಲೆಯ ಮೇಲೆ ಸುರುಳಿ. ಗುಂಡಿ ಒತ್ತಿದರೆ ಕೊಳವೆಯ ಮೈಯೇ ತಂತಿಯಾಗಿ ಸೆಲ್ಲಿನ ಪೂರ್ಣ ಶಕ್ತಿ ನೇರವಾಗಿ ಸುರುಳಿಗೆ ನುಗ್ಗುತ್ತದೆ. ನಡುವೆ ಫ್ಯೂಸಿಲ್ಲ, ರಿಲೇ ಇಲ್ಲ, ಕೇಳುವವರಿಲ್ಲ. ಗಿರಣಿಯಲ್ಲಿ ಅರ್ಧ ಅಶ್ವಶಕ್ತಿಯ ಮೋಟರಿಗೂ ಫ್ಯೂಸ್ ಹಾಕುತ್ತಾರೆ. ಬಾಯಿಗಿಟ್ಟು ಸೇದುವ ವಸ್ತುವಿಗೆ ಅದು ಬೇಡವಾಯಿತು. ಸೋಜಿಗವೆಂದರೆ, ಕಾವಲು ತೆಗೆದದ್ದಕ್ಕೆ ಬೆಲೆ ಇಳಿಯಲಿಲ್ಲ, ಏರಿತು. “ಶುದ್ಧ, ಸರಳ, ಬಲ್ಲವರಿಗಾಗಿ ಮಾತ್ರ” ಎಂಬ ಜಾಹೀರಾತಿನೊಡನೆ ಇಲ್ಲದಿರುವುದನ್ನೇ ಗುಣವೆಂದು ಮಾರುತ್ತಾರೆ. ಕದವಿಲ್ಲದ ಮನೆಗೆ ಗಾಳಿ ಚೆನ್ನಾಗಿ ಬರುತ್ತದೆಂದು ಹೆಚ್ಚು ಬಾಡಿಗೆ ಕೇಳಿದಂತೆ.

ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ಗಿರಣಿಯ ವರ್ಕ್‌ಷಾಪಿನಲ್ಲಿ ಮೂವತ್ತು ವರ್ಷ ಲೇತ್ ಹಿಡಿದವರು. ಅವರನ್ನು ಕರೆಸಿ, ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ, ಕೊಳವೆಯನ್ನು ಬಿಚ್ಚಿಸಿದೆವು. ಹೊರಮೈ ಕನ್ನಡಿಯಂತಿತ್ತು. ಸುತ್ತ ಕೆತ್ತನೆ, ತಳದಲ್ಲಿ ಕ್ರಮಸಂಖ್ಯೆ, ಇಡಲು ಮಖಮಲ್ಲಿನ ಪೆಟ್ಟಿಗೆ. ಒಳಗಿನ ಕಥೆ ಬೇರೆ. ತಿರುಪಿದಾಗ ಥ್ರೆಡ್ಡು ಮರಳು ಸಿಕ್ಕಂತೆ ಕರಕರ ಎಂದಿತು. ಕತ್ತರಿಸಿದ ಅಂಚನ್ನು ಉಜ್ಜಿರಲಿಲ್ಲ. ಹಿತ್ತಾಳೆಯ ಪುಡಿಯೂ ಲೇತಿನ ಎಣ್ಣೆಯೂ ಅಲ್ಲೇ ಅಂಟಿಕೊಂಡಿದ್ದವು. ಈ ಯಂತ್ರದಲ್ಲಿ ಥ್ರೆಡ್ಡಿನ ಮೂಲಕವೇ ವಿದ್ಯುತ್ತು ಹರಿಯಬೇಕೆಂಬುದನ್ನು ಓದುಗರು ಮರೆಯಬಾರದು. ಗುಂಡಿಯ ತಲೆಗೆ ಬೆಳ್ಳಿಯ ಲೇಪವಿದೆಯೆಂದು ಜಾಹೀರಾತು ಹೇಳಿತ್ತು. ಲೇಪ ಸಿಪ್ಪೆಯಂತೆ ಎದ್ದು, ನಡುವೆ ಕಪ್ಪು ಕುಳಿ ಬಿದ್ದಿತ್ತು. ಗುಂಡಿಯನ್ನು ಹಿಂದಕ್ಕೆ ತಳ್ಳಬೇಕಾದ ಸ್ಪ್ರಿಂಗ್ ಸೋತು ಮುದುಡಿತ್ತು. ಗುಂಡಿಯನ್ನು ಬಿಗಿದು ಇಡುವುದಕ್ಕೆಂದು ಇದ್ದ ಉಂಗುರ ಅರ್ಧ ಸುತ್ತಿಗೇ ಹಿಡಿದು ನಿಲ್ಲುತ್ತಿತ್ತು. ಮೇಲಿನ ನಡುಮೊಳೆಯನ್ನು ಕೊಳವೆಯಿಂದ ಬೇರೆಯಾಗಿಡುವ ಪ್ಲಾಸ್ಟಿಕ್ ಬಿಲ್ಲೆ ಕಾವಿಗೆ ಒಂದು ಬದಿ ಕರಗಿತ್ತು. ತಳದ ಗಾಳಿತೂತು ಒಂದೇ ಒಂದು. ಅದೂ ಪಾಲಿಷಿನ ಮೇಣ ತುಂಬಿ ಮುಚ್ಚಿಹೋಗಿತ್ತು.

ಹಿರಿಯರು ಕನ್ನಡಕ ತೆಗೆದಿಟ್ಟು ಹೇಳಿದ್ದು ಇಷ್ಟು: “ಪಾಲಿಷಿಗೆ ಕೊಟ್ಟ ಕೂಲಿಯಲ್ಲಿ ಕಾಲುಭಾಗವನ್ನು ಒಳಗಿನ ಕೆಲಸಕ್ಕೆ ಕೊಟ್ಟಿದ್ದರೆ ಈ ಹುಡುಗನ ತೊಡೆ ಉಳಿಯುತ್ತಿತ್ತು, ಮೇಷ್ಟ್ರೇ. ನಮ್ಮ ಸಾಲೆಯಲ್ಲಿ ಇಂಥ ಕೆಲಸ ಮಾಡಿದ್ದರೆ ಫೋರ್‌ಮನ್ನು ಮುಖದ ಮೇಲೆಸೆಯುತ್ತಿದ್ದ.”

ಈ ದೋಷಗಳು ಹೇಗೆ ಒಂದರ ಬಾಲವನ್ನೊಂದು ಹಿಡಿದು ಬರುತ್ತವೆ ಎಂಬುದನ್ನು ತಿಳಿಯಲು ಸ್ವಲ್ಪ ಲೆಕ್ಕ ಬೇಕು. ಹಲಗೆ ಬಳಪ ಬಿಟ್ಟು ಬಂದ ನಮಗೆ ಹಳೆಯ ಅಭ್ಯಾಸ ಹೋಗಿಲ್ಲ, ಓದುಗರು ಮನ್ನಿಸಬೇಕು. ಇದರೊಳಗಿನ ಸೆಲ್ಲಿಗೆ 18650 ಎಂದು ಹೆಸರು: 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಪೂರ್ತಿ ತುಂಬಿದಾಗ ಅದರ ಒತ್ತಡ 4.2 ವೋಲ್ಟ್. ಒತ್ತಡವನ್ನು ಸುರುಳಿಯ ತಡೆಯಿಂದ ಭಾಗಿಸಿದರೆ ಹರಿಯುವ ವಿದ್ಯುತ್ತಿನ ಪ್ರಮಾಣ ಸಿಗುತ್ತದೆ. ಸುರುಳಿಯ ತಡೆ ಅರ್ಧ ಓಂ ಆದರೆ 8.4 ಆಂಪಿಯರ್. ಹೆಚ್ಚು ಹೊಗೆಯ ಆಸೆಗೆ 0.2 ಓಂಗೆ ಇಳಿಸಿದರೆ 21 ಆಂಪಿಯರ್. 0.1 ಓಂಗೆ ಇಳಿಸಿದರೆ 42. ಮನೆಯ 2000 ವ್ಯಾಟಿನ ಗೀಸರ್ ಎಳೆಯುವುದು ಸುಮಾರು 9 ಆಂಪಿಯರ್ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಈ ಗಾತ್ರದ ಒಳ್ಳೆಯ ಸೆಲ್ಲುಗಳೂ ಎಡೆಬಿಡದೆ ಕೊಡಬಲ್ಲದ್ದು 20ರಿಂದ 30 ಆಂಪಿಯರ್ ಒಳಗೆ. ಅನೇಕವು ಅದಕ್ಕಿಂತ ಬಹಳ ಕಡಿಮೆ.

ಇನ್ನು ಹೊಲಸು ಥ್ರೆಡ್ಡಿನ, ಕುಳಿಬಿದ್ದ ಗುಂಡಿಯ ವಿಚಾರ. ಅಲ್ಲಿ ಒಂದು ಓಂನ ನೂರರಲ್ಲೊಂದು ಭಾಗದಷ್ಟು ತಡೆ ಇದ್ದರೆ ಸಾಕು. 20 ಆಂಪಿಯರ್ ಹರಿದಾಗ ಆ ಒಂದು ಬಿಂದುವಿನಲ್ಲೇ 4 ವ್ಯಾಟಿನ ಕಾವು ಹುಟ್ಟುತ್ತದೆ. ಆ ಕಾವು ಪಕ್ಕದ ಸ್ಪ್ರಿಂಗಿಗೆ ತಗುಲುತ್ತದೆ. ಕಾದ ಸ್ಪ್ರಿಂಗಿನ ಹದ ಕೆಡುತ್ತದೆ. ಹದ ಕೆಟ್ಟ ಸ್ಪ್ರಿಂಗ್ ಗುಂಡಿಯನ್ನು ಹಿಂದಕ್ಕೆ ತಳ್ಳಲಾರದು. ಒತ್ತಿದ ಗುಂಡಿ ಒತ್ತಿದಂತೆಯೇ ಉಳಿಯುತ್ತದೆ. ಬಿಗಿಯುವ ಉಂಗುರ ಕೈಕೊಟ್ಟಿದೆ; ಆರಿಸುವ ಫಲಕವಂತೂ ಮೊದಲೇ ಇಲ್ಲ. ಅರ್ಧ ಓಂನ ಸುರುಳಿಯಲ್ಲಿ ಆಗ ಉರಿಯುವುದು ಸುಮಾರು 35 ವ್ಯಾಟ್. ರೇಡಿಯೋ ರಿಪೇರಿಯವನ ಬೆಸುಗೆ ಕಡ್ಡಿ ಸಾಮಾನ್ಯವಾಗಿ 25 ವ್ಯಾಟಿನದು. ಅಂದರೆ ನಮ್ಮ ಹುಡುಗ ಉರಿಯುವ ಬೆಸುಗೆ ಕಡ್ಡಿಯನ್ನು ಜೇಬಿನಲ್ಲಿಟ್ಟುಕೊಂಡು ಪಾಳಿಗೆ ಹೊರಟಿದ್ದ. ಇದರಲ್ಲಿ ಅವನ ಅಜಾಗರೂಕತೆ ಯಾವ ಹಂತದಲ್ಲಿದೆ? ಉಜ್ಜದ ಅಂಚಿನಿಂದ ಸೋತ ಸ್ಪ್ರಿಂಗಿನವರೆಗೆ ಪ್ರತಿಯೊಂದೂ ಮಾಡಿದವನ ಕೈಯ ಕೆಲಸ.

ಇದಕ್ಕಿಂತ ಘೋರವಾದದ್ದು ಸೆಲ್ಲೇ ಸಿಡಿಯುವ ಅಪಾಯ. ಸೆಲ್ಲಿನ ಮೈಯೆಲ್ಲ ಋಣಧ್ರುವ. ನೆತ್ತಿಯ ನಡುವಿನ ಬಿಲ್ಲೆ ಮಾತ್ರ ಧನಧ್ರುವ. ಎರಡನ್ನೂ ಬೇರ್ಪಡಿಸುವುದು ತೆಳುವಾದ ಪ್ಲಾಸ್ಟಿಕ್ ಹೊದಿಕೆ, ಒಂದು ಸಣ್ಣ ಉಂಗುರ. ಹೊದಿಕೆ ಹರಿದರೆ, ಅಥವಾ ಸುರುಳಿಯ ನಡುಮೊಳೆ ಸಾಕಷ್ಟು ಹೊರಚಾಚದೆ ಅದರ ಅಂಚು ನೆತ್ತಿಗೆ ತಾಗಿದರೆ, ಎರಡು ಧ್ರುವಗಳೂ ನೇರವಾಗಿ ಕೂಡುತ್ತವೆ. ಆಗ ಒಳಗೆ ಎದ್ದ ಅನಿಲ ಹೊರಹೋಗಲು ತೂತು ಬೇಕು. ತೂತಿಲ್ಲದ ಲೋಹದ ಕೊಳವೆಗೆ ಏನೆಂದು ಹೆಸರೆಂಬುದನ್ನು ಕಲ್ಲುಕ್ವಾರಿಯಲ್ಲಿ ದುಡಿದವರನ್ನು ಕೇಳಿ.

ಇದು ಊಹೆಯ ಮಾತಲ್ಲ. ಅಮೆರಿಕದ ಅಗ್ನಿಶಾಮಕ ಆಡಳಿತವು 2017ರಲ್ಲಿ ಒಂದು ವರದಿ ಹೊರಡಿಸಿತು. 2009ರಿಂದ 2016ರ ಕೊನೆಯವರೆಗೆ ಆ ದೇಶದಲ್ಲಿ ವಿದ್ಯುತ್ ಸಿಗರೇಟುಗಳು ಸಿಡಿದ ಅಥವಾ ಹೊತ್ತಿಕೊಂಡ 195 ಘಟನೆಗಳನ್ನು ಅದು ಲೆಕ್ಕ ಹಾಕಿದೆ. 133 ಮಂದಿಗೆ ಗಾಯ. ಅವುಗಳಲ್ಲಿ 38 ತೀವ್ರವಾದವು. 61 ಘಟನೆಗಳು ನಡೆದದ್ದು ವಸ್ತುವೋ ಬಿಡಿ ಸೆಲ್ಲೋ ಜೇಬಿನಲ್ಲಿದ್ದಾಗ. ಆ ಲೆಕ್ಕದಲ್ಲಿ ಸಾವು ಇರಲಿಲ್ಲ. ಮರುವರ್ಷ ಅದೂ ಬಂತು. 2018ರ ಮೇ ತಿಂಗಳಲ್ಲಿ ಫ್ಲಾರಿಡಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ 38 ವರ್ಷದ ಒಬ್ಬಾತ ತನ್ನ ಮನೆಯಲ್ಲಿ ಸತ್ತು ಬಿದ್ದಿದ್ದ. ಸಿಡಿದ ಕೊಳವೆಯ ಚೂರುಗಳು ತಲೆಯೊಳಗೆ ಹೊಕ್ಕಿದ್ದವು. ಅದು ಫಿಲಿಪೈನ್ಸಿನಲ್ಲಿ ತಯಾರಾದ, ಇದೇ ಮೆಕ್ಯಾನಿಕಲ್ ಜಾತಿಯ ಕೊಳವೆ. 2019ರ ಜನವರಿಯಲ್ಲಿ ಟೆಕ್ಸಾಸಿನ 24 ವರ್ಷದ ಹುಡುಗನೊಬ್ಬ ವೇಪ್ ಸಿಡಿದು, ಲೋಹದ ಚೂರು ಕತ್ತಿನ ರಕ್ತನಾಳವನ್ನು ಕೊಯ್ದು ಸತ್ತ.

ದುಬಾರಿ ವಸ್ತು ಕೊಂಡರೆ ಈ ಭಯವಿಲ್ಲ, ಅಗ್ಗದ ನಕಲಿಯಿಂದಲೇ ಕೇಡು ಎಂದು ವಾದಿಸುವವರುಂಟು. ಇದು ಅರ್ಧ ಸತ್ಯ. ಹೊರದೇಶಗಳಲ್ಲಿ ಸಣ್ಣ ಸಾಲೆಗಳು ಕೆಲವೇ ನೂರು ಕೊಳವೆಗಳನ್ನು ಮಾಡಿ, ಅಂಕಿ ಕೆತ್ತಿ, 150, 200 ಡಾಲರಿಗೆ ಮಾರಿದವು. ಚೀನದ ಕಾರ್ಖಾನೆಗಳು ಅದರ ಕೆತ್ತನೆ, ಅಂಕಿ ಸಮೇತ ನಕಲು ಮಾಡಿ ಒಂದು ಪಾಲು ಬೆಲೆಗೆ ಸುರಿದವು. ನಮ್ಮ ಹುಡುಗ ಕೊಂಡದ್ದು ಅಸಲಿಯೋ, ಅಸಲಿಯ ಬೆಲೆಗೆ ಸಿಕ್ಕ ನಕಲಿಯೋ ಹೇಳುವವರು ಯಾರು? ಅಸಲಿಯೇ ಆಗಿದ್ದರೂ ಫ್ಯೂಸಿಲ್ಲದ್ದು ಫ್ಯೂಸಿಲ್ಲದ್ದೇ. ಬೆಲೆಯು ಹಿತ್ತಾಳೆಗೆ, ಕೆತ್ತನೆಗೆ, ಅಂಕಿಗೆ, ಪರೀಕ್ಷೆಗೆ ಕಾಸಿಲ್ಲ. ವಿದ್ಯುತ್ ಸಿಗರೇಟಿನ ಬ್ಯಾಟರಿ, ಚಾರ್ಜುಗಳ ಸುರಕ್ಷತೆಗೆಂದು ಅಮೆರಿಕದಲ್ಲಿ ಯು.ಎಲ್. 8139 ಎಂಬ ಮಾನಕ ಬಂದಿದೆ. ಕಾವಲು ಫಲಕವೇ ಇಲ್ಲದ ಕೊಳವೆ ಅಂಥ ಪರೀಕ್ಷೆಯ ಬಾಗಿಲಿಗೆ ಹೋಗುವುದಾದರೂ ಹೇಗೆ? ಸೆಲ್ಲುಗಳ ಪಾಡೂ ಹೀಗೆಯೇ. 9900 ಎಂದು ಶಕ್ತಿಯ ಅಂಕಿ ಅಚ್ಚಾದ 18650 ಸೆಲ್ಲುಗಳನ್ನು ಸಂತೆಯಲ್ಲಿ ಮಾರುತ್ತಾರೆ. ಆ ಗಾತ್ರದಲ್ಲಿ ಅದರ ಅರ್ಧವನ್ನೂ ಯಾರೂ ತುಂಬಿ ತೋರಿಸಿಲ್ಲ.

ಮತ್ತೊಂದು ವಾದವಿದೆ: ಇದು ಅನುಭವಸ್ಥರ ಸಾಧನ, ಓಂನ ನಿಯಮ ಬಲ್ಲವನೇ ಕೊಳ್ಳಬೇಕು. ಆ ನಿಯಮವನ್ನು ನಾವು ಹೈಸ್ಕೂಲಿನ ಹುಡುಗರಿಗೆ ಹೇಳಿಕೊಟ್ಟವರು. ನಿಯಮ ಬಲ್ಲವನಿಗೂ ಲೇಪದ ಅಡಿಯ ಕುಳಿ ಕಾಣುವುದಿಲ್ಲ. ಸ್ಪ್ರಿಂಗ್ ಯಾವ ದಿನ ಸೋಲುತ್ತದೆಂದು ತಿಳಿಯುವುದಿಲ್ಲ. ಬಳಸುವವನಿಗೆ ಅರಿವಿರಲಿ ಎಂಬುದು ಸರಿ. ಆ ಅರಿವಿನ ಹೆಸರಿನಲ್ಲಿ ಮಾಡುವವನು ತನ್ನ ಹೊಣೆಯನ್ನು ಕೊಳ್ಳುವವನ ಹೆಗಲಿಗೆ ದಾಟಿಸುವುದನ್ನು ನಾವು ಒಪ್ಪೆವು. ಎಚ್ಚರಿಕೆಯಿಂದಿರು ಎಂದು ಕಾರ್ಮಿಕನಿಗೆ ಹೇಳಿ ಮಾಲೀಕ ಕೈತೊಳೆದುಕೊಳ್ಳಬಾರದೆಂದೇ 1948ರ ಕಾರ್ಖಾನೆಗಳ ಕಾಯಿದೆಯು ಯಂತ್ರಕ್ಕೆ ಬೇಲಿ ಹಾಕತಕ್ಕದ್ದೆಂದು ವಿಧಿಸಿತು. ಆ ನ್ಯಾಯ ಗಿರಣಿಯ ಗೇಟಿನಲ್ಲೇ ನಿಲ್ಲಬೇಕಾಗಿಲ್ಲ.

ಬೀಡಿ ಬಿಡಲು ಇದು ಸಹಾಯವೆಂದು ಹೇಳುವವರೂ ಇದ್ದಾರೆ. ಬೀಡಿಯನ್ನು ನಾವು ಹೊಗಳುವವರಲ್ಲ. ಚಟ ಬಿಡಿಸುವ ಸಾಧನವೇ ಆಗಿದ್ದರೆ ಅದು ಔಷಧದಂತೆ ಪರೀಕ್ಷೆಗೊಳಗಾಗಿ, ವೈದ್ಯರ ಚೀಟಿಯೊಡನೆ ಬರಬೇಕಾಗಿತ್ತು. ಮಖಮಲ್ಲಿನ ಪೆಟ್ಟಿಗೆಯಲ್ಲಿ ಒಡವೆಯಂತೆ ಬರಬೇಕಾಗಿರಲಿಲ್ಲ. ಬಿಡಬೇಕೆನ್ನುವವರಿಗೆ 1800-11-2356 ಎಂಬ ರಾಷ್ಟ್ರೀಯ ಸಹಾಯವಾಣಿ ಉಂಟು, ಹಣ ಕೊಡಬೇಕಾಗಿಲ್ಲ.

ಈಗ ಸರ್ಕಾರದ ವಿಚಾರ. ನಮ್ಮ ರಾಜ್ಯ 2016ರ ಜೂನಿನಲ್ಲೇ ಈ ವಸ್ತುಗಳನ್ನು ನಿಷೇಧಿಸಿತು. 2019ರ ಸೆಪ್ಟೆಂಬರ್ 18ರಂದು ಕೇಂದ್ರವು ಸುಗ್ರೀವಾಜ್ಞೆ ತಂದು, ಡಿಸೆಂಬರಿನಲ್ಲಿ ಅದನ್ನು ಕಾಯಿದೆ ಮಾಡಿತು. ತಯಾರಿಕೆ, ಆಮದು, ಸಾಗಣೆ, ಮಾರಾಟ, ಜಾಹೀರಾತು ಎಲ್ಲವೂ ಅಪರಾಧ. ಮೊದಲ ಸಲ ಒಂದು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೆ ಎರಡೂ. ಮತ್ತೆ ಮಾಡಿದರೆ ಮೂರು ವರ್ಷ, ಐದು ಲಕ್ಷ. ದಾಸ್ತಾನು ಇಟ್ಟುಕೊಂಡರೂ ಶಿಕ್ಷೆಯುಂಟು. ಕಾಯಿದೆಯ ಉದ್ದೇಶಕ್ಕೆ ನಮ್ಮ ವಿರೋಧವಿಲ್ಲ. ಸಿಗರೇಟನ್ನು ಮಾರಲು ಬಿಟ್ಟು, ದೇಶದ ಅತಿ ದೊಡ್ಡ ಸಿಗರೇಟು ಕಂಪನಿಯಲ್ಲಿ ಸರ್ಕಾರಿ ವಿಮಾ ಸಂಸ್ಥೆಯೇ ಪಾಲು ಇಟ್ಟುಕೊಂಡಿರುವಾಗ ಈ ಉತ್ಸಾಹ ಎಲ್ಲಿಂದ ಬಂತೆಂದು ಕೇಳುವ ಹಕ್ಕು ಮಾತ್ರ ನಮಗಿದೆ. ಅದಂತಿರಲಿ. ನಿಷೇಧದ ಕಾಗದ ಗೋಡೆಗೆ ಅಂಟಿದೆ. ಮಾಲು ಕೊರಿಯರಿನಲ್ಲಿ ಬರುತ್ತಿದೆ. ಹಿಂದೆ ಅಂಗಡಿಯ ಹೆಸರಾದರೂ ಗೊತ್ತಿರುತ್ತಿತ್ತು. ಈಗ ಬಿಲ್ಲಿಲ್ಲ, ವಿಳಾಸವಿಲ್ಲ, ಇರುವುದೊಂದು ಫೋನ್ ನಂಬರು. 2019ರ ಗ್ರಾಹಕ ರಕ್ಷಣಾ ಕಾಯಿದೆಯಲ್ಲಿ ದೋಷವುಳ್ಳ ಸರಕಿಗೆ ತಯಾರಕನನ್ನೂ ಮಾರುವವನನ್ನೂ ಹೊಣೆಮಾಡುವ ಒಂದು ಅಧ್ಯಾಯವೇ ಉಂಟು. ಬಿಲ್ಲಿಲ್ಲದ ಹುಡುಗ ಯಾರ ಮೇಲೆ ದೂರು ಕೊಡಬೇಕು? ದೂರು ಕೊಡಲು ಹೋದರೆ ತನ್ನನ್ನೇ ಹಿಡಿದಾರೆಂಬ ಅಂಜಿಕೆ ಬೇರೆ. ಆಸ್ಪತ್ರೆಯಲ್ಲಿ ಅವನು ಬರೆಯಿಸಿದ್ದು “ಬಿಸಿನೀರು ಬಿದ್ದದ್ದು” ಎಂದು.

ದಾಳಿಯ ಸುದ್ದಿ ಬಂದಾಗ ಸಿಕ್ಕಿಬೀಳುವವರು ಯಾರು? ಬಸ್‌ಸ್ಟ್ಯಾಂಡಿನ ಬೀಡಾ ಅಂಗಡಿಯವನು, ಮೊಬೈಲ್ ರಿಪೇರಿಯ ಹುಡುಗ. ಕಂತೆಗಟ್ಟಲೆ ತರಿಸುವವನ ಗೋದಾಮಿನ ಬೀಗ ಹಾಗೆಯೇ ಉಳಿಯುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಈ ಪದ್ಧತಿಯನ್ನು ನಾವು ಖಂಡಿಸುತ್ತೇವೆ. ಹಾಗೆಂದು ನಮ್ಮ ಸಣ್ಣ ವ್ಯಾಪಾರಿ ಮಿತ್ರರಿಗೂ ಒಂದು ಮಾತು ಹೇಳದೆ ಇರಲಾರೆವು. ನೂರು ರೂಪಾಯಿ ಹೆಚ್ಚು ಸಿಗುತ್ತದೆಂದು ಬಿಲ್ಲಿಲ್ಲದ ಮಾಲನ್ನು ಗಲ್ಲಾದ ಕೆಳಗೆ ಇಡಬೇಡಿ. ಲಾಭ ಮೇಲಿನವನದು, ಬೇಡಿ ನಿಮ್ಮದು, ಸುಟ್ಟ ತೊಡೆ ನಿಮ್ಮದೇ ಗಿರಾಕಿಯ ಮಗನದು.

ಆದ್ದರಿಂದ ನಮ್ಮ ಬೇಡಿಕೆಗಳು ಇವು. ಒಂದು, ಕಾಯಿದೆಯ ಕೈ ಬಂದರು, ಗೋದಾಮು, ಸಗಟು ಆಮದುದಾರ, ಕೊರಿಯರ್ ಕಂಪನಿಗಳ ಮೇಲೆ ಮೊದಲು ಬೀಳಲಿ. ಎರಡು, ಸುಟ್ಟುಕೊಂಡು ಬಂದವನನ್ನು ಆಸ್ಪತ್ರೆ ರೋಗಿಯೆಂದೂ, ಪೊಲೀಸರು ಸಾಕ್ಷಿಯೆಂದೂ ಕಾಣತಕ್ಕದ್ದು. ನಿಜ ಹೇಳಿದವನಿಗೆ ಭಯವಿರಕೂಡದು. ಮೂರು, ಜಿಲ್ಲಾಡಳಿತವು ಇಂಥ ಗಾಯಗಳ ಲೆಕ್ಕವನ್ನು ಇಟ್ಟು ಪ್ರಕಟಿಸಲಿ. ನಾಲ್ಕು, ಲಿಥಿಯಂ ಸೆಲ್ಲುಗಳಿಗೆ ಭಾರತೀಯ ಮಾನಕ ಸಂಸ್ಥೆಯ ಐ.ಎಸ್. 16046 ನಿಯಮ ಇರುವಾಗ ಹೆಸರಿಲ್ಲದ ಬಿಡಿ ಸೆಲ್ಲುಗಳು ಸಂತೆಯಲ್ಲಿ ತರಕಾರಿಯಂತೆ ಮಾರಾಟವಾಗಬಾರದು. ಟಾರ್ಚಿನಲ್ಲೂ ಆಟಿಕೆಯಲ್ಲೂ ಇರುವುದು ಇದೇ ಸೆಲ್ಲು. ಇಂದು ಸೇದುವವನ ಜೇಬಿನಲ್ಲಿ ಆದದ್ದು ನಾಳೆ ಮಗುವಿನ ಕೈಯಲ್ಲಿ ಆದೀತು.

ಇಂಥ ಕೊಳವೆಯನ್ನು ಈಗಾಗಲೇ ಇಟ್ಟುಕೊಂಡಿರುವ ತರುಣರಿಗೆ ನಮ್ಮ ವಿನಂತಿ: ಇಂದೇ ಸೆಲ್ಲನ್ನು ಹೊರತೆಗೆಯಿರಿ. ಬಿಡಿ ಸೆಲ್ಲನ್ನು ಬೀಗದ ಕೈ, ಚಿಲ್ಲರೆಗಳೊಡನೆ ಜೇಬಿಗೆ ಹಾಕಬೇಡಿ. ಹೊದಿಕೆ ಹರಿದದ್ದನ್ನು ಮತ್ತೆ ಬಳಸಬೇಡಿ. ಕಸದ ಬೆಂಕಿಗೂ ಎಸೆಯಬೇಡಿ.

ಹುಡುಗ ಹೊರಡುವಾಗ ನಾವು ಅವನಿಗೆ ಎರಡು ಮಾತು ಹೇಳಿದೆವು. “ತಾಯಿಯ ಚೀಟಿ ಹಣವನ್ನು ಹೊಗೆಗೆ ಸುರಿದದ್ದು ನಿನ್ನ ತಪ್ಪು, ಅದನ್ನು ನೀನು ದುಡಿದು ತೀರಿಸಬೇಕು. ತೊಡೆ ಸುಟ್ಟದ್ದು ನಿನ್ನ ತಪ್ಪಲ್ಲ ತಮ್ಮಾ. ಅದನ್ನು ಇನ್ನೊಬ್ಬರ ಮುಂದೆ ಹಾಗೆ ಹೇಳಬೇಡ.” ಅವನು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದು, ಆಸ್ಪತ್ರೆಗೆ ಹೋಗಿ ನಿಜವನ್ನು ಬರೆಯಿಸುತ್ತೇನೆಂದು ಎದ್ದ. ನಮ್ಮ ಸದಸ್ಯರೊಬ್ಬರು ಜೊತೆಗೆ ಹೋದರು. ಕೊಳವೆ ನಮ್ಮ ಕಚೇರಿಯ ಕಪಾಟಿನಲ್ಲಿದೆ, ಸೆಲ್ಲು ತೆಗೆದು ಇಟ್ಟಿದ್ದೇವೆ. ತನಿಖೆಗೆ ಬರುವ ಅಧಿಕಾರಿ ಯಾರೇ ಆಗಲಿ, ಬಂದು ನೋಡಬಹುದು. ಹಿತ್ತಾಳೆ ಇನ್ನೂ ಹೊಳೆಯುತ್ತಿದೆ.